ಬಾಲರಾಜ ಮುಚ್ಚಿಟ್ಟ ಫೋಟೋ

ಕಡೇಚೂರಿನಲ್ಲಿ ಬಾಲರಾಜ ಸ್ಟುಡಿಯೋ ಇಟ್ಟು ಇಪ್ಪತ್ತು ವರ್ಷವಾಗಿತ್ತು. ಸುತ್ತಲಿನ ಹಳ್ಳಿಗಳ ಮದುವೆ, ಕುಬಸ, ತೊಟ್ಟಿಲು ಎಲ್ಲಕ್ಕೂ ಅವನದೇ ಕ್ಯಾಮೆರಾ. ಆದರೆ ಆ ವರ್ಷ ಊರಿನ ಬಾಯಲ್ಲಿ ಓಡಾಡಿದ್ದು ಪರಿಮಳಾಳ ಹೆಸರು. ಅವನ ಹತ್ತಿರವೇ ಎರಡು ವರ್ಷ ಕೆಲಸ ಕಲಿತು, ಈಗ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದವಳು.

ಊರ ಹತ್ತಿರದ ಕಾರ್ಖಾನೆಗಳಿಗೆ ಅಸ್ಸಾಮಿನಿಂದ ಕೆಲಸಗಾರರು ಬಂದಿದ್ದರು. ಅವರ ಸಣ್ಣ ಕಣ್ಣು ನೋಡಿ ಊರವರು ಚೀನಾದವರೆಂದರು. ಬಾಡಿಗೆಗೆ ಖೋಲಿ ಕೇಳಿಕೊಂಡು ಬಂದ ಜುನು ಎಂಬ ಹೆಂಗಸನ್ನು ಮುದುಕಿ ಸಾಯಬಮ್ಮ, "ನಾಯಿ ತಿಂತಾರಂತ, ನಾ ಕೊಡಂಗಿಲ್ಲ" ಎಂದು ಬಾಗಿಲಿಂದಲೇ ತಿರುಗಿಸಿ ಕಳಿಸಿದ್ದಳು. ಪರಿಮಳಾ ಅದನ್ನು ಕಣ್ಣಾರೆ ಕಂಡಳು. ಮುಂದಿನ ಭಾನುವಾರವೇ ಸಮುದಾಯ ಭವನದಲ್ಲಿ ಎಲ್ಲರೂ ಕೂಡಿ ಮಾಡಿ ಉಣ್ಣುವ ಅಡಿಗೆ ಶುರುಮಾಡಿದಳು. ಒಂದು ಒಲೆ ಊರವರದು, ಒಂದು ಹೊರಗಿನವರದು. ಮೊದಲ ವಾರ ಬಂದವರು ನಾಲ್ಕೇ ಮಂದಿ. ಎರಡು ತಿಂಗಳಿಗೆ ಕೂರಲು ಜಾಗ ಸಾಲಲಿಲ್ಲ. ಅವಳು ಫೋಟೋ ತೆಗೆಯುತ್ತಲೇ ಇದ್ದಳು.

ಆ ಫೋಟೋಗಳನ್ನು ಭವನದಲ್ಲೇ ಪ್ರದರ್ಶನಕ್ಕಿಡಬೇಕೆಂದು ಪ್ರಿಂಟ್ ಹಾಕಿಸಲು ಬಾಲರಾಜನ ಹತ್ತಿರವೇ ಬಂದಳು. "ನೀ ಮಾಡಿದ್ರನ ಚಂದ ಬರ್ತಾವಣ್ಣ."

ಒಂದೊಂದೇ ಹಾಳೆ ಹೊರಬರುವಾಗ ಬಾಲರಾಜ ಬೆಳಕಿಗೆ ಹಿಡಿದು ತಪ್ಪು ಹುಡುಕಿದ, ಸಿಗಲಿಲ್ಲ. ಒಂದರಲ್ಲಿ ಸಾಯಬಮ್ಮ ಜುನುವಿನ ಕೈ ಹಿಡಿದು ರೊಟ್ಟಿ ಬಡಿಯಲು ಕಲಿಸುತ್ತಿದ್ದಳು. ಇಬ್ಬರ ಮೂಗಿಗೂ ಹಿಟ್ಟು, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಇದೇ ಮುದುಕಿಗೆ ಅವನು ಮೂರು ಮದುವೆಗಳಲ್ಲಿ ನಗು ನಗು ಎಂದು ಅಂಗಲಾಚಿದ್ದ. ಒಮ್ಮೆಯೂ ನಕ್ಕಿರಲಿಲ್ಲ. ಲೈಟು ಹಿಡಿಯಲೂ ಬಾರದಿದ್ದ ಹುಡುಗಿಗೆ ಇದು ದಕ್ಕಿತಲ್ಲ! ಆ ಪ್ರಿಂಟನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. "ಅದೊಂದು ಕೆಟ್ಟುಹೋತವ್ವ, ಇಂಕ್ ಖಾಲಿ ಆಗ್ಯಾದ" ಎಂದ. ಅವಳು ನಂಬಿದಳು.

ಪ್ರದರ್ಶನದ ದಿನ ಸಾಯಬಮ್ಮ ಹೊಸ ಸೀರೆ ಉಟ್ಟು ಬಂದು, ಗೋಡೆಗುಂಟ ಎರಡು ಸಲ ಸುತ್ತಿದಳು. ಹಿಂದೆಯೇ ಜುನು.

"ನಮ್ಮ ಫೋಟೋ ಎಲ್ಲದ?" ಮುದುಕಿಯ ದನಿ ಏರಿತು. "ಇಕಿ ಜೋಡಿ ಕುಂತಿದ್ದು ಯಾರಿಗೆ ಸೇರಲಿಲ್ಲ? ಯಾರು ತೆಗಿಸ್ಯಾರ?"

ಮಾತು ತಿಳಿಯದಿದ್ದರೂ ಸಿಟ್ಟು ತಿಳಿದು ಜುನು ಬಾಗಿಲ ಕಡೆ ಸರಿದಳು. ಕುಂದು ಹುಡುಕಲೆಂದೇ ಬಂದಿದ್ದ ಬಾಲರಾಜನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಯಾರೂ ಅಲ್ಲ ಆಯಿ, ನಾನೇ ಮುಚ್ಚಿಟ್ಟೀನಿ. ಅಂಥಾದ್ದು ನನ್ನ ಕೈಯಾಗ ಒಮ್ಮಿನೂ ಬಂದಿಲ್ಲ. ತಡಕೊಳ್ಳಾಕ ಆಗಲಿಲ್ಲ."

ಓಡಿಹೋಗಿ ತಂದು ತಾನೇ ಗೋಡೆಗೆ ಅಂಟಿಸಿದ. ಸಾಯಬಮ್ಮ ಜುನುವನ್ನು ಎಳೆದುತಂದು ಅದರ ಮುಂದೆ ನಿಲ್ಲಿಸಿಕೊಂಡಳು. ಪರಿಮಳಾ, "ನಿನ್ನ ಕಡಿಂದ ಹಿಂಗ ಆಗಬಾರದಿತ್ತಣ್ಣ" ಎಂದಳು, ಅಷ್ಟೇ. ಮುಂದೆ ಪ್ರಿಂಟಿಗೆ ಯಾದಗಿರಿಗೆ ಹೋಗತೊಡಗಿದಳು.

ಜುನು ಈಗ ಸಾಯಬಮ್ಮನ ಖೋಲಿಯಲ್ಲಿದ್ದಾಳೆ. ಬಾಲರಾಜನೂ ಭಾನುವಾರ ಭವನಕ್ಕೆ ಹೋಗುತ್ತಾನೆ, ನೀರು ಹೊರುತ್ತಾನೆ, ಎಲ್ಲರ ಸಾಲಿನಲ್ಲಿ ಕೂತು ಉಣ್ಣುತ್ತಾನೆ. ಪರಿಮಳಾ ಕ್ಯಾಮೆರಾ ಎತ್ತಿದಾಗ ಮಾತ್ರ ಬೇರೆ ಕಡೆ ನೋಡುತ್ತಾನೆ.