ಬತ್ತಲೆ ಚೀಲ

“ಚೀಲಕ್ಕ ಬಾಲಾ ಹಚ್ಚೀರಲ್ಲ, ನಿಮಗ ಇದ್ದದ್ದು ಸಾಲಲಿಲ್ಲೇನು?” ಎನ್ನುತ್ತ ಮಹಾಬಳೇಶ್ವರ ರೋಜಿ ಹೊಲಿದ ಚೀಲವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದ. ಟೆಂಪೋ ಡ್ರೈವರ್ ಇಮ್ರಾನ ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದ.

ಬಾಲವಲ್ಲ ಅದು, ಹೂವು. ಚೌಕ ತುಂಡನ್ನು ಮಡಿಸಿ ಮಡಿಸಿ ತ್ರಿಕೋನ ಮಾಡಿ, ಕೆಂಪಿನ ಮೇಲೆ ಹಳದಿ ಕೂರಿಸಿ ಮೂಲೆಗೆ ಹೊಲಿದದ್ದು. ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿದರೆ ನಾಲ್ಕೂ ಮೂಲೆಗೆ ಹೂವು ಬೀಳಲೇಬೇಕು. ಬೀಳದಿದ್ದರೆ ಆ ಕೌದಿ ಬತ್ತಲೆ. ಕೌದಿಗಿರುವ ಮರ್ಯಾದೆ ಕಾಯಿಪಲ್ಲೆ ಚೀಲಕ್ಕೂ ಇರಲಿ ಎಂದು ರೋಜಿ ಯಾರನ್ನೂ ಕೇಳದೆ ಹಚ್ಚಿದ್ದಳು.

ಮಹಾಬಳೇಶ್ವರನದು ಕುಳಗಿ ರಸ್ತೆಯಲ್ಲಿ ರೆಸಾರ್ಟು. ಅಲ್ಲಿ ಬಂದಿಳಿಯುವ ಗೋವಾದ, ಬೆಳಗಾವಿಯ ಮಂದಿಗೆ ಪ್ಲಾಸ್ಟಿಕ್ ಕಂಡರೆ ಮೈ ಉರಿಯುತ್ತದಂತೆ. ಸೊಪ್ಪು, ಬದನೆ, ಟೊಮೆಟೊ ಹಾಕಿ ಒಯ್ಯಲು, ಹಾಗೇ ಫ್ರಿಜ್ಜಿನಲ್ಲಿಡಲು, ಒಗೆದು ಮತ್ತೆ ಬಳಸಲು ತೆಳು ಹತ್ತಿಬಟ್ಟೆಯ ಚೀಲ ಬೇಕು. ಬಿಳಿ ಬೇಕು, ಸಾದಾ ಬೇಕು. ಹೂವೆಲ್ಲ ಕಿತ್ತು ಬಿಸಾಕಿ ಎಂದು ಅಪ್ಪಣೆ ಕೊಟ್ಟು ಅವನು ಹೊರಟುಹೋದ.

ಹಳಿಯಾಳದಿಂದ ಒಳಗಿರುವ ಆ ಕೇರಿಯ ಶೆಡ್ಡಿನಲ್ಲಿದ್ದ ಮೂರು ಮಷೀನು ಅವನವೇ. ಅವು ಬರುವ ಮೊದಲು ರೋಜಿ ಗೌಡರ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದಳು. ಕಬ್ಬಿನ ಒಣಗರಿ, ಆ ರವದಿ, ಮೈಯೆಲ್ಲ ಗೀರುತ್ತಿತ್ತು. ಚಹಾದ ಹೊತ್ತಿಗೆ ಗೌಡ್ತಿ ಹಿತ್ತಲಲ್ಲಿ ಕೂರಿಸಿ, ಬೇಲಿಗೆ ಸಿಕ್ಕಿಸಿಟ್ಟ ಒಡಕು ಲೋಟಕ್ಕೆ ಮೇಲಿನಿಂದ ಹೊಯ್ಯುತ್ತಿದ್ದಳು. ಮಷೀನಿನ ಮುಂದೆ ಕೂತ ಮೇಲೆ ರೋಜಿಯ ಬೆನ್ನು ನೆಟ್ಟಗಾಗಿತ್ತು. ಚಹಾ ತನ್ನದೇ ಕಪ್ಪಿನಲ್ಲಿ, ತನಗೆ ಬೇಕಾದಾಗ. ಈ ಸುಖವನ್ನು ಕಳೆದುಕೊಳ್ಳಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಹಲ್ಲು ಕಚ್ಚಿ ಹೂವು ಬಿಚ್ಚಿದಳು.

ಬಿಚ್ಚಿದ ಚೀಲಗಳನ್ನು ಒಗೆದು ಬೇಲಿಯ ಮೇಲೆ ಸಾಲಾಗಿ ಹರವಿದ್ದನ್ನು ಅವಳ ಅತ್ತೆ ಜ್ಯೂಲಿ ಆಯಿ ಕಂಡಳು. ಕಂಡವಳೇ ಮುಖ ತಿರುಗಿಸಿದಳು.

“ಗಂಡಸ್ರು ಓಡ್ಯಾಡೂ ದಾರಿ ಇದು. ಮೊದಲ ಅವಕ್ಕ ಏನರ ಹೊದಸ್ರಿ” ಎಂದಳು.

ಶೆಡ್ಡಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ರೋಜಿಯೂ ನಕ್ಕಳು. ಆದರೆ ಬಿಚ್ಚಿದ ಹೂಗಳನ್ನು ಬಿಸಾಡಲು ಕೈ ಬರದೆ ಬಿಸ್ಕೀಟಿನ ಡಬ್ಬಿಯಲ್ಲಿ ತುಂಬಿಟ್ಟಳು.

ಮುಂದಿನ ವಾರ ಮಹಾಬಳೇಶ್ವರ ಹಸಿರು ಬಟ್ಟೆಯ ದೊಡ್ಡ ಸುರುಳಿಯೊಂದಿಗೆ ಬಂದ. ಭಾನುವಾರ ರೆಸಾರ್ಟಿನಲ್ಲಿ ಚೀಲದ ಸಮಾರಂಭ, ದೊಡ್ಡ ದೊಡ್ಡ ಅತಿಥಿಗಳು. ಹೊಲಿದವರೇ ಬಂದು ಕುಣಿಯಬೇಕು. ಬಟ್ಟೆಯನ್ನು ಎಲೆ ಎಲೆಯಾಗಿ ಕತ್ತರಿಸಿ ಸೊಂಟಕ್ಕೆ ಸುತ್ತುವ ಹಾಗೆ ಹೊಲಿದುಕೊಳ್ಳಬೇಕು. ಸೀರೆ ಬೇಡ.

“ನಮ್ಮ ಆಯಿ ಸೀರಿ, ಅವಳ ಆಯೀನೂ ಸೀರಿ ಉಟ್ಟಾಕಿರಿ. ಸೊಪ್ಪು ಉಟ್ಟಾರನ್ನ ನಿಮ್ಮ ರೆಸಾರ್ಟಿನ ಗ್ವಾಡಿ ಮ್ಯಾಲಿನ ಚಿತ್ರದಾಗ ಅಷ್ಟ ನೋಡೇನಿ” ಎಂದಳು ರೋಜಿ.

ಚಿತ್ರದಲ್ಲಷ್ಟೇ ಅಲ್ಲ, ಇನ್ನೊಬ್ಬನ ಮೈಮೇಲೂ ನೋಡಿದ್ದಳು. ಅವಳ ತಮ್ಮ ಸೋಮಾ ಆ ರೆಸಾರ್ಟಿನಲ್ಲಿ ಡಮಾಮಿ ಬಾರಿಸುತ್ತಿದ್ದ. ಮೊಮ್ಮಕ್ಕಳಿಂದ ಮುದುಕರವರೆಗೆ ಇಡೀ ಕೇರಿಯನ್ನು ಕುಣಿಸುವ ಡೋಲು ಅದು. ಅಲ್ಲಿ ಮಾತ್ರ ಅದನ್ನು ಸೊಂಟಕ್ಕೆ ಹುಲ್ಲು ಕಟ್ಟಿಕೊಂಡು, ಕೆನ್ನೆಗೆ ಸುಣ್ಣ ಬಳಿದುಕೊಂಡು ಬಾರಿಸಬೇಕು. ನೀನು ಹಸಿ ಮಾಂಸ ತಿನ್ನುತ್ತೀಯಾ ಎಂದು ಯಾರೋ ಕೇಳಿದ್ದನ್ನು ಅವನು ಮನೆಗೆ ಬಂದು ನಗುನಗುತ್ತ ಹೇಳಿದ್ದ. ಆ ರಾತ್ರಿ ಊಟ ಮಾಡಿರಲಿಲ್ಲ.

“ಸೊಪ್ಪು ಉಡಾಕ ಆಗಂಗಿಲ್ಲಂದ್ರ ಮಷೀನು ಟೆಂಪೋಕ್ಕ ಏರಸ್ರಿ. ಕಬ್ಬಿನ ಹೊಲ ಎಲ್ಲೂ ಓಡಿಹೋಗಿಲ್ಲ” ಎಂದ ಮಹಾಬಳೇಶ್ವರ, ಹೊಟ್ಟೆಯ ಕೆಳಗೆ ಜಾರಿದ ಬೆಲ್ಟನ್ನು ಮೇಲೆಳೆದುಕೊಳ್ಳುತ್ತ.

ರೋಜಿಯ ಕಣ್ಣು ಆ ಬೆಲ್ಟಿನ ಮೇಲೆ ಒಂದು ಗಳಿಗೆ ನಿಂತಿತು. ಅಳತೆಗೆ ಅವಳಿಗೆ ಟೇಪು ಬೇಕಿರಲಿಲ್ಲ.

“ಹೊಲಿತೇನ್ರಿ ಸರ” ಎಂದಳು.

ಭಾನುವಾರ ಹುಲ್ಲುಹಾಸಿನ ಮೇಲೆ ಉದ್ದಕ್ಕೆ ಮೇಜು. ಟೊಮೆಟೊ, ಬದನೆ, ಪಾಲಕ್, ಬುಟ್ಟಿ ತುಂಬ ಬೀನ್ಸು, ಪಕ್ಕದಲ್ಲಿ ಬತ್ತಲೆ ಚೀಲಗಳು. ಮಹಾಬಳೇಶ್ವರ ಮೈಕು ಹಿಡಿದು ಕಾಡಿನ ತಾಯಂದಿರ ಪವಿತ್ರ ಕೈಗಳ ಬಗ್ಗೆ ಬಾಯಿತುಂಬ ಮಾತಾಡಿದ. ಜನ ಮೊಬೈಲು ಎತ್ತಿಕೊಂಡು ಕಾದರು. ಹೆಂಗಸರು ಬಂದರು, ತಲೆಗೆ ಎಣ್ಣೆ ಹಚ್ಚಿ, ಕ್ರಿಸ್ಮಸ್ಸಿಗೆಂದು ತೆಗೆದ ಸೀರೆಯುಟ್ಟು. ಎಲ್ಲರಿಗಿಂತ ಮುಂದೆ ಜ್ಯೂಲಿ ಆಯಿ.

ಮಹಾಬಳೇಶ್ವರ ಮೈಕು ಕೈಯಲ್ಲಿರುವುದನ್ನೇ ಮರೆತ.

“ಹಲ್ಕಟ್ ರಂಡೇರ, ಸೊಪ್ಪೆಲ್ಲಿ?”

ಬೈಗುಳ ಹುಲ್ಲುಹಾಸಿನ ತುಂಬ ಹರಡಿತು. ಬೆಳಗಾವಿಯ ಹೆಂಗಸೊಬ್ಬಳು, ಪಾಪ, ತನ್ನನ್ನೇ ಕೇಳಿದರೆಂದು ಪಾಲಕ್ ಕಟ್ಟು ಎತ್ತಿ ತೋರಿಸಿದಳು.

ರೋಜಿಗೆ ಹೆದರಿಕೆಯಾಗಿತ್ತು. ನಾಳೆಯಿಂದ ಮತ್ತೆ ರವದಿ, ಮತ್ತೆ ಒಡಕು ಲೋಟ. ಆದರೂ ಕೈ ಹೆಗಲಿನ ಚೀಲದೊಳಗೆ ಹೋಯಿತು. ಹೊರಗೆ ಬಂದದ್ದು ಒಂದೇ ಒಂದು ಎಲೆಯುಡುಗೆ. ಬಿಚ್ಚಿ ಹಿಡಿಯಲು ಇಬ್ಬರು ಬೇಕಾದರು, ಅಷ್ಟು ಅಗಲ. ನಾಲ್ಕೂ ಮೂಲೆಗೆ ಡಬ್ಬಿಯ ಹೂಗಳು, ಕೆಂಪಿನ ಮೇಲೆ ಹಳದಿ.

“ನಿಮ್ಮ ಅಳತೀದ್ರಿ ಸರ” ಎಂದಳು. ಮೈಕು ಅದನ್ನೂ ಎಲ್ಲರಿಗೆ ಹೇಳಿತು. “ಮೂಲಿಗೆ ಹೂವು ಇಟ್ಟೇನಿ. ಇಲ್ಲಂದ್ರ ಬತ್ತಲಿ ಕಾಣ್ತೀರಿ.”

ಯಾರೋ ಕಿಸಕ್ಕನೆ ನಕ್ಕರು. ಮಹಾಬಳೇಶ್ವರ ಮೈಕನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಮಷೀನು ಇವತ್ತೇ ಎತ್ತಿಸುತ್ತೇನೆ ಎಂದು ಹಲ್ಲು ಕಡಿದ.

“ನಿಮಗ್ಯಾಕ ತ್ರಾಸ? ಟೆಂಪೋದಾಗ ನಾವ ಹೇರ್ಕೊಂಡ ಬಂದೇವ್ರಿ” ಎಂದಳು ರೋಜಿ. ಗೇಟಿನ ಬಳಿ ಇಮ್ರಾನ ಆಗಲೇ ಹಗ್ಗ ಬಿಚ್ಚುತ್ತಿದ್ದ.

“ಉಟ್ಕೊಳೋ ಬೋಳಿಮಗನ” ಎಂದು ಜ್ಯೂಲಿ ಆಯಿ ಆ ಉಡುಗೆಯನ್ನು ಮಹಾಬಳೇಶ್ವರನ ಹೆಗಲಿಗೆ ಹೊದಿಸಿದಳು.

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಸೋಮಾ ಎದ್ದು ಸೊಂಟದ ಹುಲ್ಲು ಬಿಚ್ಚಿ ಕೆಳಗೆ ಹಾಕಿದ. ಒಳಗಿನ ಚಡ್ಡಿಯಲ್ಲೇ ಮತ್ತೆ ಕೂತು, ಡಮಾಮಿಯನ್ನು ತೊಡೆಯ ನಡುವೆ ಸೆಳೆದುಕೊಂಡು ಬಾರಿಸತೊಡಗಿದ. ಹೆಂಗಸರು ಯಾರೂ ಹೆಜ್ಜೆ ಹಾಕಲಿಲ್ಲ. ಯಾವಾಗ ಕುಣಿಯುತ್ತವೋ ಎಂದು ಮಹಾಬಳೇಶ್ವರನ ಕಾಲುಗಳನ್ನೇ ನೋಡಿದರು. ಎತ್ತಿ ಹಿಡಿದ ಮೊಬೈಲುಗಳು ಒಂದೊಂದಾಗಿ ಅವನ ಕಡೆಗೆ ತಿರುಗಿದವು.

ಸೋಮಾ ಬಾರಿಸುತ್ತಲೇ ಇದ್ದ.