ವಿಸಿಆರ್ ಕಣ್ಣಿಗೆ ಟವೆಲು

ಬೆಳ್ಳುಳ್ಳಿಯನ್ನು ಜಡೆ ಹೆಣೆದು ಸೂರಿಗೆ ನೇತುಹಾಕುವ ತಿಂಗಳಲ್ಲಿ ಜೆಡ್ಡಾದಿಂದ ಎರಡು ಪೆಟ್ಟಿಗೆಗಳು ಒಂದೇ ಜೀಪಿನಲ್ಲಿ ಬಂದವು. ಎರಡರಲ್ಲೂ ಒಂದೇ ತರದ ವಿಸಿಆರ್, ಒಂದೇ ತರದ ರಿಮೋಟ್. ಅದು ಊರೆಲ್ಲ 'ನಾನಾ' ಎಂದು ಕರೆಯುವ ಅತ್ತೆ ಇಸಾಂಗಳ ಅಪ್ಪಣೆಯಾಗಿತ್ತು. "ಕಳಿಸೋದಾದ್ರೆ ಇಬ್ಬರು ಸೊಸೆಯರಿಗೂ ಒಂದೇ ತರದ್ದು ಕಳಿಸಿ. ಗುಂಡಿ ಒಂದು ಹೆಚ್ಚಿದ್ರೂ ನನ್ನ ಮನೇಲಿ ಒಲೆ ಎರಡಾಗುತ್ತೆ" ಎಂದು ಅಲ್ಲಿ ದುಡಿಯುವ ಇಬ್ಬರು ಗಂಡುಮಕ್ಕಳಿಗೆ ಬರೆಸಿದ್ದಳು.

ಹಿರಿಯ ಮಗ ಅಮಾಡೊನ ಹೆಂಡತಿ ಲೂಮಿಂಗ್. ಕಿರಿಯವನು ರೂಡೊ, ಅವನ ಹೆಂಡತಿ ಪಿಲಾಂಗ್. ಮನೆಯ ನಡುವೆ ಬಿದಿರು ತಟ್ಟಿಯ ಗೋಡೆ ಆಳೆತ್ತರಕ್ಕೆ ನಿಂತಿತ್ತು, ಅದರ ಮೇಲೆ ಸೂರಿನವರೆಗೆ ಬಯಲು. ಆಚೆ ಪಿಲಾಂಗ್ ರಿಮೋಟ್ ಒತ್ತಿದರೆ ಅದರ ಕಾಣದ ಬೆಳಕು ಬಿಳಿ ಸೂರಿಗೆ ತಾಗಿ ಇಳಿದು ಈಚೆಯ ಯಂತ್ರವನ್ನೂ ಎಬ್ಬಿಸುತ್ತಿತ್ತು. ಗಂಡಂದಿರು ಅಲ್ಲಿಂದ ಕಾಗದದ ಬದಲು ಕಳಿಸಿದ ಟೇಪುಗಳು ಒಮ್ಮೆಗೇ ಸುತ್ತತೊಡಗುತ್ತಿದ್ದವು.

"ಪಿಲಾಂಗ್, ಈಗ ಬಿಸಿಲಲ್ಲಿ ಕೂತು ಕೂದಲು ಒಣಗಿಸ್ತಾ ಇರ್ತೀಯ ಅಲ್ವಾ?" ಆಚೆ ರೂಡೊನ ದನಿ.

"ಹಂದಿಗೂಡಿನ ತಗಡು ಬದಲಾಯಿಸು. ತಂಬಾಕಿಗೆ ಈ ಸಲ ಗೊಬ್ಬರ ಸಾಕು." ಈಚೆ ಅಮಾಡೊ.

ಅತ್ತೆ ಎಲೆಯಡಿಕೆ ಉಗಿದು ನಗುತ್ತಿದ್ದಳು. "ನನ್ನ ಮಕ್ಕಳಿಬ್ಬರೂ ಒಟ್ಟಿಗೇ ಬಾಯಿ ಬಿಟ್ರು ನೋಡು. ಒಬ್ಬ ಹೆಂಡ್ತಿ ಹತ್ರ, ಇನ್ನೊಬ್ಬ ಹಂದಿ ಹತ್ರ!"

ಲೂಮಿಂಗ್ ನಗಲಿಲ್ಲ. ಪಿಲಾಂಗಳ ಟೇಪು ಒಂದು ಗಂಟೆಯದು, ತನ್ನದು ಹನ್ನೊಂದು ನಿಮಿಷದ್ದು. ಮುಂಭಾಗದ ಕಪ್ಪು ಗಾಜೇ ಯಂತ್ರದ ಕಣ್ಣು, ಅದನ್ನು ಮುಚ್ಚಿದರೆ ರಿಮೋಟಿನ ಮಾತು ಅದಕ್ಕೆ ಕಾಣದು ಎಂದು ಜೀಪಿನ ಚಾಲಕ ತೋರಿಸಿಕೊಟ್ಟಿದ್ದ. ಆಮೇಲೆ ಟವೆಲು ಬಿದ್ದದ್ದು ಲೂಮಿಂಗಳ ಯಂತ್ರದ ಮೇಲೆಯೇ. ದಿನವೂ ನೋಡುವವಳು ಪಿಲಾಂಗ್ ತಾನೆ.

"ಮನಾಂಗ್, ಒಂದ್ಸಲ ಈ ಕಡೆ ಬಾರೇ. ಶುರುವಿನಲ್ಲಿ ಒಂದು ತಮಾಷೆ ಇದೆ, ನೀನು ನೋಡ್ಬೇಕು" ಎಂದು ಅವಳು ಅಕ್ಕನನ್ನು ಕರೆಯುವಂತೆ ಎಷ್ಟೋ ಸಲ ಕರೆದಳು.

"ನಿನ್ನ ಗಂಡನ ತಮಾಷೆ ನನಗ್ಯಾಕೆ ಅಡಿಂಗ್? ಹಂದಿ ಹಸಿದಿವೆ" ಎಂದು ಲೂಮಿಂಗ್ ತಂಗಿಗೆ ಹೇಳುವಂತೆ ಹೇಳಿ ಪ್ರತಿಸಲವೂ ತೌಡಿನ ಬಕೆಟ್ಟು ಎತ್ತಿಕೊಂಡು ಹೋಗುತ್ತಿದ್ದಳು.

ನೋಡಿ ನೋಡಿ ಟೇಪು ಸವೆಯಿತು; ಚಿತ್ರದಲ್ಲಿ ಗೆರೆಗಳು ಬಂದವು. ಪಿಲಾಂಗ್ ಹೆದರಿದಳು. ಇರುವಷ್ಟನ್ನಾದರೂ ಇನ್ನೊಂದು ಟೇಪಿಗೆ ಇಳಿಸಿಕೊಳ್ಳಬೇಕು. ಅದಕ್ಕೆ ಎರಡೂ ಯಂತ್ರ ಬೇಕು. ಭಾನುವಾರ ಚರ್ಚಿನಿಂದ ಬಂದವರೇ ಲೂಮಿಂಗಳ ಯಂತ್ರವನ್ನು ಆಚೆಗೆ ಹೊತ್ತು ಪಕ್ಕದಲ್ಲಿಟ್ಟರು. ಪಿಲಾಂಗಳ ಯಂತ್ರದ ಗುಂಡಿಗಳಿಗೆ ಅವಳ ಮಗಳು ಗಂಜಿ ಚೆಲ್ಲಿದ್ದಳು, ಅದೀಗ ರಿಮೋಟಿಗೆ ಮಾತ್ರ ಓಗೊಡುತ್ತಿತ್ತು. ಆದ್ದರಿಂದ ಖಾಲಿ ಟೇಪು ಅದರೊಳಗೆ, ರೂಡೊನ ಟೇಪು ಲೂಮಿಂಗಳದರೊಳಗೆ.

"ನಾನು ರೆಕಾರ್ಡ್ ಒತ್ತೋವಾಗ ನಿನ್ನದರ ಕಣ್ಣು ಗಟ್ಟಿ ಮುಚ್ಚಿರು ಮನಾಂಗ್. ಇಲ್ದಿದ್ರೆ ಅದೂ ರೆಕಾರ್ಡ್ ಶುರು ಮಾಡಿ ಇವರನ್ನ ಅಳಿಸಿಬಿಡುತ್ತೆ. ಆಮೇಲೆ ನೀನು ಕೈಯಲ್ಲಿ ಪ್ಲೇ ಒತ್ತು."

"ಗೊತ್ತಮ್ಮ, ನಾನೇನು ಎಳೆಮಗುವಾ?"

ಲೂಮಿಂಗ್ ಟವೆಲನ್ನು ಮಡಿಸಿ ಗಾಜಿಗೆ ಅದುಮಿದಳು. ಪಿಲಾಂಗ್ ತನ್ನ ಯಂತ್ರದ ಮುಂದೆ ಮಂಡಿಯೂರಿ, ಶಿಲುಬೆಯ ಗುರುತು ಮಾಡಿಕೊಂಡಳು. ಗಂಡನ ಟೇಪಿಗೆ ಶಿಲುಬೆ! ಲೂಮಿಂಗಳ ಹೆಬ್ಬೆರಳು ತಾನಾಗಿ ಎಂಬಂತೆ ಟವೆಲಿನ ಅಂಚನ್ನು ಎರಡು ಬೆರಳಷ್ಟು ಮೇಲೆತ್ತಿತು.

ಎರಡೂ ಯಂತ್ರಗಳಲ್ಲಿ ಕೆಂಪು ಚುಕ್ಕೆ ಹೊತ್ತಿತು. ಲೂಮಿಂಗ್ ಟವೆಲನ್ನು ಮತ್ತೆ ಇಳಿಬಿಟ್ಟಳು.

"ಪ್ಲೇ ಒತ್ತಿದ್ಯಾ?"

"ಒತ್ತಿದೆ."

"ಏನೂ ಬರ್ತಿಲ್ವಲ್ಲೇ."

"ಬರುತ್ತೆ ತಾಳು. ಹಳೇ ಟೇಪು."

ಟೀವಿಯ ತುಂಬ ಬಿಳಿ ಚುಕ್ಕೆಗಳು ಸುರಿಯುತ್ತಲೇ ಇದ್ದವು. ಹೊರಗೆ ಕೋಳಿಯೊಂದು ಕೂಗಿ ಸುಮ್ಮನಾಯಿತು. ಪಿಲಾಂಗ್ ಕೊನೆಗೆ ಬಗ್ಗಿ, ಟವೆಲು ಸರಿಸಿ, ಕೆಂಪು ಚುಕ್ಕೆಯನ್ನು ಕಂಡು, "ಅಯ್ಯೋ ದೇವರೇ" ಎಂದು ತಂತಿಯನ್ನೇ ಕಿತ್ತಳು.

ಟೇಪನ್ನು ಹಿಂದಕ್ಕೆ ಸುತ್ತಿ ನೋಡಿದರು. ಎರಡು ನಿಮಿಷ ಬರೀ ಬಿಳಿ ಚುಕ್ಕೆ. ಆಮೇಲೆ ರೂಡೊ ನಡುಮಾತಿನಿಂದ ಎದ್ದು ಬಂದ: "...ಕೂದಲು ಒಣಗಿಸ್ತಾ ಇರ್ತೀಯ ಅಲ್ವಾ?" ಅವನ ಪ್ರೀತಿಯೆಲ್ಲ ಹಾಗೇ ಇತ್ತು, ಒಂದಕ್ಷರವೂ ಹೋಗಿರಲಿಲ್ಲ.

ಪಿಲಾಂಗ್ ಉಸಿರು ಬಿಟ್ಟಳು. "ಸದ್ಯ! ಹೋಗಿದ್ದು ಶುರುವಿನದಷ್ಟೇ. ಆದ್ರೆ ಅಯ್ಯೋ ಮನಾಂಗ್, ಭಾವ ಇದ್ದದ್ದು ಅಲ್ಲೇ ಕಣೇ."

"ಯಾವ ಭಾವ?"

"ಇನ್ಯಾವ ಭಾವ? ಕೋಣೆ ತೋರಿಸ್ತಾ ಕ್ಯಾಮೆರಾ ಮಂಚದ ಹತ್ರ ಹೋಗುತ್ತೆ. ಭಾವ ಅಂಗಿಗೆ ಗುಂಡಿ ಹೊಲೀತಿರ್ತಾರೆ. ಇವರು ಪಿಸುದನಿಯಲ್ಲಿ 'ಅಣ್ಣ, ಅತ್ತಿಗೆಗೆ ಏನಾದ್ರೂ ಹೇಳು, ಹಂದಿ ವಿಷಯ ಬೇಡ' ಅಂತಾರೆ. ಭಾವ ನಿನ್ನ ಹೆಸರು ಹೇಳೋಕೆ ಹೋಗಿ, ಹೇಳೋಕಾಗದೆ ದಿಂಬಲ್ಲಿ ಮುಖ ಮುಚ್ಕೊಳ್ತಾರೆ. ಕಿವಿ ಎರಡೂ ಕೆಂಪಗೆ! ಎಷ್ಟು ಸಲ ಕರೆದೆ ನಿನ್ನ."

ಲೂಮಿಂಗಳ ಕೈಯಲ್ಲಿ ಟವೆಲು ಇನ್ನೂ ಇತ್ತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನ ಕಿವಿ ಕೆಂಪಾದದ್ದನ್ನು ಅವಳು ಕಂಡಿರಲಿಲ್ಲ. ಅದನ್ನು ಕಂಡವಳು ಈಗ ಈ ಊರಲ್ಲಿ ಪಿಲಾಂಗ್ ಒಬ್ಬಳೇ. ದಿನವೂ ಕಂಡವಳು.

"ಪೂರ್ತಿ ಹೆಸರು ಹೇಳಿದ್ರಾ, ಅರ್ಧವಾ?" ಎಂದಳು.

"ಅರ್ಧ."

"ಎಲ್ಲಿವರೆಗೆ?"

"ಬಿಡು ಮನಾಂಗ್, ಮೊದಲು ಇದನ್ನ ಇಳಿಸ್ಕೊಳ್ತೀನಿ. ಈ ಸಲ ಸರಿಯಾಗಿ ಮುಚ್ಚು."

ಲೂಮಿಂಗ್ ನೆಲಕ್ಕೆ ಕುಳಿತು ಎರಡೂ ಅಂಗೈಗಳಿಂದ ಯಂತ್ರದ ಕಣ್ಣು ಮುಚ್ಚಿದಳು. "ಮುಚ್ಚಿದೀನಿ. ನೀನು ಹೇಳು, ಎಲ್ಲಿವರೆಗೆ?"