ಭಾವನ ಬೆನ್ನ ಹಿಂದೆ ಗಾಳಿ ಇರಲಿಲ್ಲ

೧

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಮೋಡ ತೆಳ್ಳಗೆ ಹರಡಿಕೊಂಡಿತ್ತು, ಬಿಸಿಲು ಇನ್ನೂ ಮನಸ್ಸು ಮಾಡಿರಲಿಲ್ಲ, ಕಾಲುವೆಯ ನೀರು ಗಾಜಿನ ಹಾಗೆ ಮಲಗಿತ್ತು.

(ಓದುಗರೇ, ಹೀಗೆ ಶುರು ಮಾಡಬಹುದೇ? ಹಳೆಯ ಕಾಲದ ಕಥೆಗಾರರು ಮೊದಲು ದೇವರನ್ನು ನೆನೆದು, ಆಮೇಲೆ ಮಳೆ ಗಾಳಿ ವಿಚಾರಿಸಿ, ಆಮೇಲಷ್ಟೇ ರಾಜನ ಮನೆಯ ಬಾಗಿಲು ತಟ್ಟುತ್ತಿದ್ದರು. ನಾನೂ ದೇವರನ್ನು ನೆನೆದೆ. ಗಾಳಿಯ ವಿಚಾರವನ್ನು ಮಾತ್ರ ಕಥಾನಾಯಕನನ್ನೇ ಕೇಳಿ ಬರೆದುಬಿಟ್ಟೆ. ಅಲ್ಲೇ ಎಡವಟ್ಟಾದದ್ದು. ನೀರು ಗಾಜಿನ ಹಾಗಿತ್ತು ಎನ್ನುವುದಂತೂ ಪೂರ್ತಿ ನನ್ನದೇ ಕೈಚಳಕ.)

೨

ನಾಯಕನಿಗೆ ಒಂದು ಕನ್ನಡಕದಂಗಡಿಯಿದೆ. ಸೈಕಲ್ ಬಳಗದವರು ಅವನನ್ನು ಬ್ರೇಕು ಎಂದು ಕರೆಯುತ್ತಾರೆ. ಇಳಿಜಾರಿನಲ್ಲಿ ಎಲ್ಲರೂ ಬ್ರೇಕ್ ಹಿಡಿಯುತ್ತಾರೆ. ಇವನು ಏರಿನಲ್ಲೂ ಹಿಡಿಯುತ್ತಾನೆ. ಇಂಥವನನ್ನು ನಾಯಕನನ್ನಾಗಿ ಮಾಡಿಕೊಂಡ ಕಥೆ ಎಷ್ಟು ವೇಗವಾಗಿ ಓಡೀತು, ನೀವೇ ಹೇಳಿ.

ಬಳಗದವರು ಆಸ್ಪತ್ರೆಗಾಗಿ ಹಣ ಕೂಡಿಸಲು ಒಂದು ಸವಾರಿ ಹೊರಡಲಿದ್ದರು. ದೂರದೂರದಿಂದ ಚಿಕಿತ್ಸೆಗೆ ಬರುವವರನ್ನು ಕರೆತರಲು ಒಂದು ವ್ಯಾನ್ ಬೇಕಿತ್ತು. ಅದಕ್ಕೆ ಮೊದಲು ತರಬೇತಿ. ತರಬೇತಿಗೆ ತೀರ ಹತ್ತಿರವೂ ಅಲ್ಲದ, ಜೀವ ತೆಗೆಯುವಷ್ಟು ದೂರವೂ ಅಲ್ಲದ, ಅರವತ್ತು ಕಿಲೋಮೀಟರಿನ ಆಸುಪಾಸಿನ ಒಂದು ದಾರಿ. ಅದನ್ನು ಹುಡುಕುವ ಕೆಲಸ ಬ್ರೇಕುವಿನ ಪಾಲಿಗೆ ಬಂತು. ಬಂದದ್ದೇನು, ಅವನೇ ಕೇಳಿ ಇಸಿದುಕೊಂಡ. ಯಾಕೆಂದರೆ ಅವನ ಅಕ್ಕ, ಶಾಲೆಯಲ್ಲಿ ಆಟದ ಟೀಚರ್, ಅದೇ ಆಸ್ಪತ್ರೆಯಲ್ಲಿ ವರ್ಷವಿಡೀ ಮಲಗಿ ಎದ್ದಿದ್ದಳು. ಸವಾರಿಗೆ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಳು. ದಾರಿ ಮಟ್ಟಸವಾಗಿರಲಿ, ಎದೆಗೆ ಭಾರವಾಗದಿರಲಿ, ತರಬೇತಿಯ ದಾರಿಯನ್ನು ಒಮ್ಮೆ ಮುಗಿಸಿ ಬನ್ನಿ, ಆಮೇಲೆ ನೋಡೋಣ ಎಂದಿದ್ದರು ಡಾಕ್ಟರು. ಅಂದರೆ ಅಕ್ಕ ಸವಾರಿಗೆ ಹೋಗುವುದೂ ಬಿಡುವುದೂ ಬ್ರೇಕು ಹುಡುಕುವ ದಾರಿಯ ಮೇಲೆ ನಿಂತಿತ್ತು.

(ಇಷ್ಟು ಹೇಳಲು ಮೂರು ಡ್ರಾಫ್ಟ್ ಹರಿದು ಹಾಕಿದ್ದೇನೆ. ಮೊದಲನೆಯದರಲ್ಲಿ ಡಾಕ್ಟರು ಪುಟಗಟ್ಟಲೆ ಮಾತಾಡುತ್ತಿದ್ದರು. ನಿಜವಾದ ಡಾಕ್ಟರು ಎಲ್ಲಾದರೂ ಅಷ್ಟು ಮಾತಾಡುತ್ತಾರೆಯೇ?)

೩

ದಾರಿ ನೋಡಲು ಬ್ರೇಕು ಭಾವನನ್ನು ಜೊತೆಗೆ ಕರೆದುಕೊಂಡ. ಭಾವ, ಅಂದರೆ ಅಕ್ಕನ ಗಂಡ, ಲಿಫ್ಟ್ ರಿಪೇರಿ ಮಾಡುವವರು, ಬಳಗಕ್ಕೆ ಸೇರಿದವರಲ್ಲ. ಮಾತು ಕಡಿಮೆ, ಬೆನ್ನು ಬಾಗಿಲಿನಷ್ಟು ಅಗಲ.

ಬಳಗದಲ್ಲೊಂದು ಕಟ್ಟಳೆಯಿದೆ. ಮುಂದಿರುವವನು ಗಾಳಿಯನ್ನು ಸೀಳಿಕೊಂಡು ಹೋಗುತ್ತಾನೆ. ಅವನ ಚಕ್ರಕ್ಕೆ ಅಂಟಿಕೊಂಡು ಬರುವವನಿಗೆ ಆ ಶ್ರಮವಿಲ್ಲ. ಹಾಗಾಗಿ ಸ್ವಲ್ಪ ದೂರ ಹಿಂದೆ ಬಂದವನು ಆಮೇಲೆ ತಾನೇ ಮುಂದೆ ಹೋಗಿ ಸರದಿ ತೀರಿಸಬೇಕು. ಯಾರೂ ಕೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಬ್ರೇಕುವಿನ ಹತ್ತಿರ ಮಾತ್ರ ಸದಾ ಒಂದು ನೆಪ ಸಿದ್ಧವಿರುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತೇ ಶಾಲೆ ಮುಗಿಸಿದವನು. ಹಿಂದಿರುವುದು ಅವನಿಗೆ ಉಸಿರಾಡಿದಷ್ಟು ಸಲೀಸು.

"ಭಾವ, ನೀವು ಮುಂದಿರಿ. ನಾನು ಗುಂಡಿ ನೋಡ್ಕೊಂಡ್ ಬರ್ತೀನಿ," ಎಂದ.

ಗುಂಡಿ ನೋಡಿದ. ನೀರಿನ ನಲ್ಲಿ ಎಲ್ಲಿದೆ, ನೆರಳಿನ ಮರ ಎಲ್ಲಿದೆ, ಯಾವ ಗೇಟಿನ ನಾಯಿ ಬರೀ ಬೊಗಳುತ್ತದೆ, ಯಾವುದು ಅಟ್ಟಿಸಿಕೊಂಡೂ ಬರುತ್ತದೆ, ಎಲ್ಲವನ್ನೂ ಗುರುತಿಟ್ಟುಕೊಂಡ. ಕಾಲುವೆ ದಂಡೆ ಬಂದಾಗ ಅವನ ಕಣ್ಣು ಭಾವನ ಹಿಂದಿನ ಚಕ್ರದ ಮೇಲಿತ್ತು. ದಂಡೆ ಮುಗಿದ ಮೇಲೆ ಭಾವ ಇಳಿದು ಹ್ಯಾಂಡಲ್ ಮೇಲೆ ತಲೆಯಿಟ್ಟು ನಿಂತರು. ವಯಸ್ಸಾಯಿತು ಭಾವ ನಿಮಗೆ ಎಂದು ಬ್ರೇಕು ನಕ್ಕ. ಭಾವ ಇನ್ನೂ ಏದುಸಿರು ಬಿಡುತ್ತಿದ್ದರು.

ಮನೆಗೆ ಬಂದು ಬ್ರೇಕು ಅಕ್ಕನಿಗೆ ವರದಿ ಒಪ್ಪಿಸಿದ: ಕಾಲುವೆ ದಂಡೆ ಅಂಗೈಯಷ್ಟು ಸಮ, ಗಾಳಿಯ ಸುಳಿವಿಲ್ಲ, ತೊಟ್ಟಿಲಲ್ಲಿ ತೂಗಿದ ಹಾಗೆ ಹೋಗಿ ಬರಬಹುದು. ಹೌದಾ ಎಂದು ಅಕ್ಕ ಗಂಡನ ಮುಖ ನೋಡಿದಳು.

"ನನ್ನದೇನಿದ್ರೂ ಮೇಲೆ ಕೆಳಗೆ ಮಾತ್ರ. ಉದ್ದಕ್ಕೆ ಹೋಗೋದನ್ನ ಅವನ್ನೇ ಕೇಳು," ಎಂದರು ಭಾವ. ತನಗೆ ಬಡಿದ ಗಾಳಿ ಹಿಂದಿದ್ದವನಿಗೂ ಬಡಿದಿರುತ್ತದೆ, ಆದರೂ ಸುಲಭ ಎನ್ನುತ್ತಿದ್ದಾನೆಂದರೆ ತನಗೇ ವಯಸ್ಸಾಗಿರಬೇಕು ಎಂದು ಆ ಸಾಧು ಮನುಷ್ಯ ನಂಬಿಬಿಟ್ಟಿದ್ದರು.

೪

ಇಲ್ಲಿ ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿ, ತಲೆಗೊಂದು ವಸ್ತ್ರ ಸುತ್ತಿ, ಹೊರಗೆ ಒಂದು ಹಕ್ಕಿ ಹಾರಿಸಿದ್ದೆ. ಬಲು ಚೆಂದದ ಪ್ಯಾರಾ. ಅಕ್ಕ ಅದರೊಳಗಿಂದಲೇ ನನ್ನ ಕಡೆ ತಿರುಗಿದಳು.

"ಏನಪ್ಪಾ ಕಥೆ ಹೇಳೋನೇ, ನನ್ನ ಯಾಕೆ ಇಲ್ಲಿ ಕೂರ್ಸಿದೀಯ?"

ಕಾಯಿಲೆಯವರನ್ನು ಕಿಟಕಿಯ ಹತ್ತಿರ ಕೂರಿಸುವುದು ಕಥೆಗಳಲ್ಲಿ ವಾಡಿಕೆ ಎಂದು ತಗ್ಗಿದ ದನಿಯಲ್ಲಿ ಹೇಳಿದೆ.

"ಆ ಹಕ್ಕಿ ಓಡ್ಸು, ಸೈಕಲ್ ಕೊಡು. ಇನ್ನೊಂದ್ ಮಾತು. ಕೊನೇಲಿ ನನ್ನ ಗೆಲ್ಲಿಸೋದೂ ಬೇಡ, ಸಾಯಿಸೋದೂ ಬೇಡ. ವಾರ್ಡಿಗೆ ನೋಡೋಕ್ ಬಂದೋರೆಲ್ಲ ಇವೆರಡರಲ್ಲಿ ಒಂದನ್ನ ಹೇಳೇ ಹೋಗ್ತಿದ್ರು. ಕೇಳಿ ಕೇಳಿ ಸಾಕಾಗಿದೆ."

ಆಟದ ಟೀಚರ್ ಮುಂದೆ ಎದುರು ಮಾತಾಡುವ ಧೈರ್ಯ ನನಗೆ ಯಾವ ವಯಸ್ಸಿನಲ್ಲೂ ಇರಲಿಲ್ಲ. ಹಕ್ಕಿಯನ್ನು ಓಡಿಸಿದೆ.

೫

ಅಕ್ಕ ದಾರಿ ಪರೀಕ್ಷಿಸಲು ಹೊರಟ ದಿನ ಭಾವನಿಗೆ ಬರಲಾಗಲಿಲ್ಲ. ಎಲ್ಲೋ ಒಂದು ಲಿಫ್ಟ್ ಎರಡು ಮಹಡಿಗಳ ನಡುವೆ ಧ್ಯಾನಕ್ಕೆ ಕೂತಿತ್ತು. ಅಕ್ಕ ತಮ್ಮ ಇಬ್ಬರೇ ಹೊರಟರು. ತಮ್ಮ ಮುಂದೆ, ದಾರಿ ತೋರಿಸುವ ಠೀವಿಯಲ್ಲಿ.

ಕಾಲುವೆ ದಂಡೆಗೆ ತಿರುಗಿದ್ದೇ ತಡ, ಯಾರೋ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಯಿತು. ಗಾಳಿ. ಬ್ರೇಕು ಏನು ಮಾಡಿದ? ಬ್ರೇಕ್ ಹಿಡಿದ. ಅಕ್ಕ ಅವನನ್ನು ದಾಟಿಕೊಂಡು ಮುಂದೆ ಹೋದಳು. ಹಳೆಯ ರೂಢಿ ನೋಡಿ, ಇವನು ಸುಮ್ಮನೆ ಅವಳ ಚಕ್ರಕ್ಕೆ ಅಂಟಿಕೊಂಡ. ಗಾಳಿ ನಿಂತೇಹೋಯಿತು.

ಈ ನೆಮ್ಮದಿಯ ಪರಿಚಯ ಅವನಿಗಿತ್ತು. ಭಾವನ ಬೆನ್ನ ಹಿಂದೆ ಅದು ಒಂದು ಕೋಣೆಯಷ್ಟಿತ್ತು. ಅಕ್ಕನ ಬೆನ್ನ ಹಿಂದೆ ಒಂದು ಕಿಟಕಿಯಷ್ಟೇ. ವರ್ಷದ ಹಿಂದೆ ಇದ್ದ ಭುಜಗಳಲ್ಲ ಅವು.

"ಗಾಳೀನೇ ಇಲ್ಲ ಅಂದಿದ್ಯಲ್ಲೋ?" ಅಕ್ಕ ತಿರುಗದೆ ಕೇಳಿದಳು. ಮಾತು ತುಂಡುತುಂಡಾಗಿ ಬಂತು.

"ಅವತ್ತು ಇರ್ಲಿಲ್ಲ ಅಕ್ಕಾ."

"ಅವತ್ತು ನೀನು ಯಾರ ಹಿಂದೆ ಇದ್ದೆ?"

(ಈಗ ಓಡಿಹೋಗಿ ಮೊದಲ ಸಾಲನ್ನು ಅಳಿಸಬೇಕೆಂದುಕೊಂಡೆ. ಆಮೇಲೆ ಬಿಟ್ಟೆ. ದಿನವಿಡೀ ಜನರ ಕಣ್ಣು ಪರೀಕ್ಷಿಸುವವನಿಗೆ ಕಾಣದೇ ಹೋದದ್ದು ಕಥೆಯಲ್ಲಿ ಇದ್ದ ಹಾಗೇ ಇರಲಿ. ನಾನೂ ಎಷ್ಟೋ ಬೆಳಿಗ್ಗೆಗಳಲ್ಲಿ ಗಾಳಿಯೇ ಇಲ್ಲ ಎಂದು ದೇವರಿಗೆ ಕೈಮುಗಿದಿದ್ದೇನೆ. ಮುಂದೆ ಯಾರಿದ್ದರೆಂದು ನೋಡಿಲ್ಲ.)

೬

ಅಂಗಡಿಯಲ್ಲಿ ಬ್ರೇಕು ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುತ್ತಾ ಕೇಳುತ್ತಾನೆ: ಇದು ಚೆನ್ನಾಗಿದೆಯಾ, ಅದಾ? ನಾನೂ ನಿಮ್ಮನ್ನು ಹಾಗೇ ಕೇಳುತ್ತೇನೆ.

ಮೊದಲ ಗಾಜು: ದೈವಕೃಪೆಯಿಂದ ಗಾಳಿ ದಿಕ್ಕು ಬದಲಿಸುತ್ತದೆ. ಅಕ್ಕ ದಂಡೆ ದಾಟುತ್ತಾಳೆ, ಡಾಕ್ಟರು ಕೈ ಕುಲುಕುತ್ತಾರೆ. (ದೇವರಿಗೆ ಬೇರೆ ಕೆಲಸವಿಲ್ಲವೇ?)

ಎರಡನೆಯದು: ಅಕ್ಕ ಇಳಿದು ದಂಡೆಯ ಕಲ್ಲಿನ ಮೇಲೆ ಕೂತುಬಿಡುತ್ತಾಳೆ. ಬ್ರೇಕು ಭಾವನಿಗೆ ಫೋನ್ ಮಾಡುತ್ತಾನೆ. ಹಕ್ಕಿ ವಾಪಸ್ ಬರುತ್ತದೆ.

"ಎರಡೂ ಬೇಡ ಅಂದಿದ್ದೆ," ಎಂದಳು ಅಕ್ಕ, ಪೆಡಲ್ ತುಳಿಯುತ್ತಲೇ.

ಮೂರನೆಯ ಗಾಜು ನನ್ನ ಪೆಟ್ಟಿಗೆಯಲ್ಲಿಲ್ಲ. ಬ್ರೇಕುವನ್ನೇ ಕೇಳಿದೆ, ನಿನಗೇನಾದರೂ ತೋಚುತ್ತದೆಯೇ ಎಂದು. ಅವನು ನನ್ನ ಕಡೆ ನೋಡಲೂ ಇಲ್ಲ. ಅಕ್ಕನ ಹಿಂದಿನ ಚಕ್ರ ಒಮ್ಮೆ ಅತ್ತ, ಒಮ್ಮೆ ಇತ್ತ ತೂರಾಡತೊಡಗಿತ್ತು.

ಇನ್ನು ಅಂಕಿ ಹಾಕುವುದಿಲ್ಲ

ಅವನು ಬ್ರೇಕಿನಿಂದ ಬೆರಳು ತೆಗೆದ. ನಾನು ಕಂಡಂತೆ ಇದೇ ಮೊದಲು. ಎದ್ದು ನಿಂತು ತುಳಿದು ಅಕ್ಕನ ಪಕ್ಕಕ್ಕೆ ಬಂದ. ಗಾಳಿಗೆ ಅವನ ಕನ್ನಡಕ ನಡುಗುತ್ತಿತ್ತು.

"ಯಾಕೋ, ಗುಂಡಿ ನೋಡ್ಕೊಂಡ್ ಬರಲ್ವಾ?" ಎಂದಳು ಅಕ್ಕ.

ದಂಡೆ ಇನ್ನೂ ಬಹಳ ಉದ್ದಕ್ಕೆ ಬಿದ್ದುಕೊಂಡಿತ್ತು. ಅದು ಮುಗಿಯಿತೇ, ಡಾಕ್ಟರು ಏನೆಂದರು, ವ್ಯಾನ್ ಬಂತೇ ಎಂದು ನನ್ನನ್ನು ಕೇಳಬೇಡಿ. ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ನಾನು ಕಂಡದ್ದು ಇಷ್ಟು: ಬ್ರೇಕು ಅವಳನ್ನು ದಾಟಿ ಮುಂದೆ ಹೋದ, ಭಾವನಷ್ಟು ಅಗಲ ಕಾಣಲೆಂದು ಮೊಣಕೈಗಳನ್ನು ಹೊರಕ್ಕೆ ಚಾಚಿದ, ಮತ್ತು ತನ್ನ ಚಕ್ರದ ಹಿಂದೆ ಅಕ್ಕನಿಗೆ ಬೇಕಾದಷ್ಟು ಜಾಗ ಬಿಟ್ಟುಕೊಟ್ಟ.